ಸಿಗ್ನಲ್ ಹೋದಾಗ ತೂಕ ಎಲ್ಲಿ ಹೋಯಿತು? ಎರರ್ ನಿಭಾಯಿಸಲು ನಾಲ್ಕು ದಾರಿ, ಒಂದು ಕಾಫಿ ತೋಟ

ಕೊಡಗಿನ ನಾಪೋಕ್ಲು ಕಡೆ ನಮ್ಮ ಚಿಕ್ಕಪ್ಪನ ತೋಟವಿದೆ. ರೊಬಸ್ಟಾ ಜಾಸ್ತಿ, ನಡುನಡುವೆ ಕರಿಮೆಣಸು. ಕೊಯ್ಲಿನ ಕಾಲದಲ್ಲಿ ಅಲ್ಲಿಯ ರೈಟರ್ ಸಂಜೆ ಕಣದ ಪಕ್ಕ ತಕ್ಕಡಿ ಇಟ್ಟುಕೊಂಡು ನಿಲ್ಲುತ್ತಾರೆ. ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಎಂದು ತೂಗಿ ಬರೆದುಕೊಳ್ಳುತ್ತಾರೆ. ಬಟವಾಡೆ ನಡೆಯುವುದು ಅದೇ ಲೆಕ್ಕದ ಮೇಲೆ. ಆ ಪುಸ್ತಕವನ್ನು ಫೋನಿಗೆ ತರೋಣ ಎಂದು ಒಂದು ವೆಬ್ ಆ್ಯಪ್ ಮಾಡಿದೆ. ದಿನದ ಮಳೆ ಲೆಕ್ಕವನ್ನೂ ಅದಕ್ಕೇ ಸೇರಿಸಿದೆ.

ಮಡಿಕೇರಿಯ ಮನೆಯಲ್ಲಿ ವೈಫೈ ಹಾಕಿಕೊಂಡು ನೋಡಿದಾಗ ಎಲ್ಲ ಚೆನ್ನಾಗಿತ್ತು. ಕಣದಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದು ಕೊಯ್ಲು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರರ್ ನಿಭಾಯಿಸುವ ನಾಲ್ಕು ದಾರಿಗಳನ್ನು ಒಂದರ ಮೇಲೊಂದು ಹಾಕಿ ನೋಡಿದೆ. ರೈಟರ್ ನನ್ನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. ಹಾಗಾಗಿ ಹೊಗಳಿಕೆಯ ಭಯ ಇರಲಿಲ್ಲ.

ಮೊದಲನೆಯದು ಟೋಸ್ಟ್. ಪರದೆಯ ಕೆಳಗೆ ಒಂದು ಕಪ್ಪು ಪಟ್ಟಿ: "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ". ಮೂರು ಸೆಕೆಂಡಿನಲ್ಲಿ ಮಾಯ. ಆ ಮೂರು ಸೆಕೆಂಡೂ ರೈಟರ್ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ. ಅದಕ್ಕಿಂತ ದೊಡ್ಡ ತಪ್ಪು ನನ್ನದು. ಸರ್ವರ್ ಉತ್ತರ ಬರುವ ಮೊದಲೇ ಫಾರಂ ಖಾಲಿ ಮಾಡುತ್ತಿದ್ದೆ. ತೂಕವೂ ಹೋಯಿತು, ಎಚ್ಚರಿಕೆಯೂ ಹೋಯಿತು. "ಎಂತ ಮಾರಾಯ, ಇದು ಹೋಯ್ತಾ ಇಲ್ವಾ?" ಎಂದು ಅವರು ಕೇಳಿದ್ದೇ ಈ ದಾರಿಗೆ ಸಿಕ್ಕ ತೀರ್ಪು. ಫೋಟೋ ಲೈಕ್ ಮಾಡುವ ಕಡೆ ಟೋಸ್ಟ್ ಸಾಕು. ಕೂಲಿ ಲೆಕ್ಕಕ್ಕೆ ಬೇಡ.

ಎರಡನೆಯದು ಎರರ್ ಬೌಂಡರಿ. ವೆಬ್ ಪರದೆ ಕಟ್ಟುವ ಲೈಬ್ರರಿ ರಿಯಾಕ್ಟ್. 2017ರಲ್ಲಿ ಬಂದ ಅದರ 16ನೇ ಆವೃತ್ತಿಯಿಂದ ಇದು ಇದೆ. ಪರದೆಯ ಒಂದು ಭಾಗವನ್ನು ಮೂಡಿಸುವಾಗ ಕೋಡ್ ಮುರಿದುಬಿದ್ದರೆ ಅಲ್ಲಿ ಬೇರೆ ಏನಾದರೂ ತೋರಿಸಬಹುದು. ಇದನ್ನು ಹಾಕಿದರೆ ಎಲ್ಲ ಎರರ್ ಬಲೆಗೆ ಬೀಳುತ್ತವೆ ಅಂದುಕೊಂಡಿದ್ದೆ. ಬೀಳಲ್ಲ. ಬಟನ್ ಒತ್ತಿದಾಗ ಓಡುವ ಕೋಡ್, ಸರ್ವರ್‌ಗೆ ಕಾಯುವ ಕೋಡ್, ಇವುಗಳ ಎರರ್ ತಾನಾಗಿ ಬೌಂಡರಿಗೆ ಬರುವುದೇ ಇಲ್ಲ. ನಮ್ಮ ತೋಟದಲ್ಲಿ ಹತ್ತಕ್ಕೆ ಒಂಬತ್ತು ತೊಂದರೆ ಆ ಜಾತಿಯದೇ.

ಆದರೂ ಅದನ್ನು ತೆಗೆದಿಲ್ಲ. ಒಂದು ದಿನ ಮಳೆ ಚಾರ್ಟ್‌ಗೆ ತಾರೀಖಿಲ್ಲದ ಒಂದು ಸಾಲು ಬಂದು ಇಡೀ ಪುಟ ಬೆಳ್ಳಗಾಯಿತು. ರಿಯಾಕ್ಟ್ 16ರ ನಂತರ ಹಿಡಿಯದ ಎರರ್ ಬಂದರೆ ಪೂರ್ತಿ ಪರದೆಯನ್ನೇ ಕಿತ್ತು ಹಾಕುತ್ತದೆ. ಬೌಂಡರಿಯನ್ನು ಆ್ಯಪಿನ ಹೊರಗೋಡೆಗೆ ಹಾಕುವ ಬದಲು ಚಾರ್ಟ್ ಸುತ್ತ ಮಾತ್ರ ಹಾಕಿದೆ. ಈಗ ಚಾರ್ಟ್ ಬಿದ್ದರೆ ಅದೊಂದೇ ಬೀಳುತ್ತದೆ, ತೂಕದ ಫಾರಂ ತನ್ನ ಪಾಡಿಗೆ ಇರುತ್ತದೆ.

ಮೂರನೆಯದರ ಮೇಲೆ ನನಗೆ ತುಂಬ ಆಸೆ ಇತ್ತು: ಸದ್ದಿಲ್ಲದೆ ಮತ್ತೆ ಮತ್ತೆ ಕಳಿಸುವುದು. ಸೋತರೆ 1 ಸೆಕೆಂಡ್ ಬಿಟ್ಟು, ಆಮೇಲೆ 2, 4, 8 ಹೀಗೆ. ಜೊತೆಗೆ ಸ್ವಲ್ಪ ಅಡ್ಡಾದಿಡ್ಡಿ ಕಾಲ ಸೇರಿಸಬೇಕು. ಇಲ್ಲದಿದ್ದರೆ ಸರ್ವರ್ ಬಿದ್ದು ಎದ್ದ ಕೂಡಲೇ ಎಲ್ಲ ಫೋನುಗಳೂ ಒಟ್ಟಿಗೆ ಮುತ್ತಿಕೊಳ್ಳುತ್ತವೆ. ಮೊದಲ ವಾರ ಹಬ್ಬವೇ. ಚಿಕ್ಕಪುಟ್ಟ ಸಿಗ್ನಲ್ ಕಡಿತ ಯಾರ ಗಮನಕ್ಕೂ ಬರಲಿಲ್ಲ.

ಬಟವಾಡೆ ದಿನ ಬಣ್ಣ ಬಯಲಾಯಿತು. ಒಬ್ಬ ಅಕ್ಕನ ಹೆಸರಲ್ಲಿ ಒಂದೇ ದಿನ 62 ಕಿಲೋ ಎರಡು ಸಲ. ಆಗಿದ್ದು ಇಷ್ಟೇ. ಮೊದಲ ಸಲ ಕಳಿಸಿದ್ದು ಸರ್ವರ್ ಸೇರಿತ್ತು. ವಾಪಸ್ ಬರುವ ಉತ್ತರ ದಾರಿಯಲ್ಲಿ ಕಳೆದುಹೋಯಿತು. ಫೋನು ಪಾಪ, ಸೋತೆ ಅಂದುಕೊಂಡು ಮತ್ತೆ ಕಳಿಸಿತು. ಟೋಸ್ಟ್ ಕಾಲದಲ್ಲಿ ತೂಕ ಕಮ್ಮಿ ಬಿದ್ದಾಗ ಜನ ಬಂದು ಜಗಳ ಮಾಡುತ್ತಿದ್ದರು, ತಪ್ಪು ಅಂದೇ ಗೊತ್ತಾಗುತ್ತಿತ್ತು. ಜಾಸ್ತಿ ಬಿದ್ದರೆ ಯಾರು ಬಂದು ಹೇಳುತ್ತಾರೆ? ಈ ಅಕ್ಕ ಹೇಳಿದರು, ಅದು ಅವರ ದೊಡ್ಡತನ.

ಮದ್ದು ಸುಲಭದ್ದೇ. ಸಾಲು ಬರೆದ ಕ್ಷಣದಲ್ಲೇ ಫೋನು ಅದಕ್ಕೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ. ಸರ್ವರಿನ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಆ ಕಾಲಂ ಯೂನಿಕ್, ಅಂದರೆ ಒಂದೇ ಸಂಖ್ಯೆ ಎರಡು ಸಲ ಕೂರುವಂತಿಲ್ಲ, ಎರಡನೇ ಸಲ ಬಂದರೆ ಸುಮ್ನೆ ಬಿಟ್ಟುಬಿಡು ಎಂದು ಹೇಳಿಟ್ಟಿದ್ದೇನೆ. ಇದರಲ್ಲೂ ಒಂದು ಸಣ್ಣ ಮುಳ್ಳು ಚುಚ್ಚಿತು. ಬ್ರೌಸರಿನ ರ್‍ಯಾಂಡಮ್ ಯುಯುಐಡಿ (ಇಂಥ ಗುರುತು ಹುಟ್ಟಿಸುವ ಫಂಕ್ಷನ್) ಕೆಲಸ ಮಾಡುವುದು ಭದ್ರ ಕೊಂಡಿಯಾದ ಎಚ್‌ಟಿಟಿಪಿಎಸ್ ಅಥವಾ ಅದೇ ಯಂತ್ರದ ವಿಳಾಸವಾದ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ. ಮನೆಯ ಲ್ಯಾಪ್‌ಟಾಪಿನ ಐಪಿ ವಿಳಾಸ ಹಾಕಿ ಫೋನಿನಲ್ಲಿ ನೋಡಿದಾಗ ಆ ಫಂಕ್ಷನ್ನೇ ಇಲ್ಲ ಅಂತು. ಅರ್ಧ ದಿನ ಹೋಯಿತು.

ಯಾವುದನ್ನು ಮತ್ತೆ ಕಳಿಸಬೇಕು ಎಂಬುದೂ ಮುಖ್ಯ. ನೆಟ್‌ವರ್ಕ್ ಕಡಿದರೆ ಸರಿ. ಸರ್ವರ್ ಉತ್ತರದ ಸ್ಟೇಟಸ್ ಸಂಖ್ಯೆ 503 (ಈಗ ಆಗಲ್ಲ, ಆಮೇಲೆ ಬಾ) ಬಂದರೂ ಸರಿ, ಜೊತೆಗೆ ರೀಟ್ರೈ ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಹೊತ್ತು ಕಾಯಬೇಕು. 400 ಅಥವಾ 422 (ಕಳಿಸಿದ್ದರಲ್ಲೇ ತಪ್ಪು) ಬಂದರೆ ನೂರು ಸಲ ಕಳಿಸಿದರೂ ಅದೇ ಉತ್ತರ. ಮತ್ತೆ, ಸರ್ವರ್‌ಗೆ ಕಳಿಸುವ ಬ್ರೌಸರಿನ ಫಂಕ್ಷನ್ ಫೆಚ್, 500 (ಸರ್ವರ್‌ನಲ್ಲೇ ಎಡವಟ್ಟು) ಬಂದರೆ ಎರರ್ ಎಸೆಯುವುದಿಲ್ಲ. ನೆಟ್‌ವರ್ಕ್ ಸೋತರೆ ಮಾತ್ರ ಎಸೆಯುತ್ತದೆ. ಸ್ಟೇಟಸ್ ಸರಿಯಿದೆಯಾ ಎಂದು ನಾವೇ ನೋಡಬೇಕು. ನಾನು ನೋಡುತ್ತಿರಲಿಲ್ಲ. ಸರ್ವರ್ ಬಿದ್ದು ಒದ್ದಾಡುತ್ತಿದ್ದಾಗಲೂ ನನ್ನ ಆ್ಯಪ್ "ಸೇರಿತು" ಎಂದು ಹಸಿರು ತೋರಿಸುತ್ತಿತ್ತು.

ಗುರುತಿನ ಸಂಖ್ಯೆ ಹಾಕಿದ ಮೇಲೂ ಸದ್ದಿಲ್ಲದ ರೀಟ್ರೈ ರೈಟರ್‌ಗೆ ಹಿಡಿಸಲಿಲ್ಲ. ಸುತ್ತುವ ಚಕ್ರ ನೋಡುತ್ತ ಮುಂದಿನ ಚೀಲ ತೂಗಲಾ ಬೇಡವಾ ಎಂದು ನಿಂತುಬಿಡುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು. ಎಲ್ಲರಿಗೂ ಕತ್ತಲಾಗುವ ಮೊದಲು ಲೈನ್ ಮನೆ ಸೇರುವ ಆತುರ.

ಹಾಗೆ ನಾಲ್ಕನೆಯದಕ್ಕೆ ಬಂದೆ. ಬರೆದದ್ದು ಮೊದಲು ಫೋನಿನಲ್ಲೇ, ಬ್ರೌಸರಿನೊಳಗಿನ ಡೇಟಾಬೇಸ್ ಇಂಡೆಕ್ಸ್‌ಡ್‌ಡಿಬಿಯಲ್ಲಿ ಉಳಿಯುತ್ತದೆ. ಕಳಿಸುವುದು ಆಮೇಲಿನ ಮಾತು. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಮಾತು: "ಫೋನಿನಲ್ಲಿದೆ", "ಸೇರಿತು", "ತಿದ್ದಬೇಕು". ಇದು ಟೋಸ್ಟ್ ತರಹ ಓಡಿಹೋಗುವುದಿಲ್ಲ, ಸಾಲಿಗೆ ಅಂಟಿಕೊಂಡೇ ಇರುತ್ತದೆ. ರೈಟರ್ ಮಾರನೇ ದಿನ ಕಾಯದೆ ತೂಗತೊಡಗಿದರು.

ನಾಲ್ಕರಲ್ಲಿ ಜಾಸ್ತಿ ದುಡಿಸಿದ್ದೂ ಇದೇ. ಬ್ರೌಸರನ್ನು "ಆನ್‌ಲೈನ್ ಇದ್ದೀಯಾ" ಎಂದು ಕೇಳಿದರೆ ಹೌದು ಅನ್ನುತ್ತದೆ. ಅದಕ್ಕೆ ಗೊತ್ತಿರುವುದು ಬಂಗಲೆಯ ರೂಟರ್‌ವರೆಗಿನ ದಾರಿ ಮಾತ್ರ. ಆಚೆ ಮರ ಬಿದ್ದು ಕೇಬಲ್ ತುಂಡಾಗಿದ್ದರೆ ಅದಕ್ಕೇನು ಗೊತ್ತು? ಕಳಿಸಿ ನೋಡುವುದೇ ಪರೀಕ್ಷೆ. ಸಿಗ್ನಲ್ ಬಂದಾಗ ತಾನೇ ಕಳಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ರೈಟರ್ ಫೋನಿನ ಕ್ರೋಮ್‌ನಲ್ಲಿ ನಡೆಯಿತು. ತಂಗಿಯ ಐಫೋನಿನ ಸಫಾರಿಯಲ್ಲಿ ಆ ಸೌಲಭ್ಯವೇ ಇಲ್ಲ. ಅಲ್ಲಿ ಆ್ಯಪ್ ತೆರೆದಾಗಲೇ ಬಾಕಿ ಸಾಲುಗಳು ಹೋಗುತ್ತವೆ.

ಸರ್ವರ್ ಕಡೆಯದು ಬೇಗ ಮುಗಿಸುತ್ತೇನೆ. ಪ್ರತಿ ರೂಟ್‌ಗೂ (ಸರ್ವರಿನ ಒಂದೊಂದು ವಿಳಾಸಕ್ಕೂ) ಎರರ್ ಹಿಡಿಯುವ ಟ್ರೈ-ಕ್ಯಾಚ್ ಬರೆಯುವುದಕ್ಕಿಂತ ಕೊನೆಯಲ್ಲಿ ಒಂದೇ ಕಡೆ ಹಿಡಿಯುವುದು ಮೇಲು. ಸರ್ವರ್ ಕೋಡಿಗೆ ಬಳಸುವ ಎಕ್ಸ್‌ಪ್ರೆಸ್ ಫ್ರೇಮ್‌ವರ್ಕಿನ ಆವೃತ್ತಿ 4ರಲ್ಲಿ ಅಸಿಂಕ್ (ಉತ್ತರಕ್ಕೆ ಕಾಯುವ) ಫಂಕ್ಷನ್ ಸೋತರೆ ಅದು ತಾನಾಗಿ ಅಲ್ಲಿಗೆ ಬರುವುದಿಲ್ಲ, 5ರಲ್ಲಿ ಬರುತ್ತದೆ. ಅದೊಂದಕ್ಕೇ 5ಕ್ಕೆ ಹೋದೆ. ಇನ್ನೊಂದು ಪುಟ್ಟ ಬದಲಾವಣೆ ನಿರೀಕ್ಷೆಗಿಂತ ಜಾಸ್ತಿ ಫಲ ಕೊಟ್ಟಿತು. ಮೊದಲು ಎರರ್ ಜೊತೆ 36 ಅಕ್ಷರದ ಗುರುತು ತೋರಿಸುತ್ತಿದ್ದೆ. ಕರಕರ ಅನ್ನುವ ಫೋನ್ ಕಾಲ್‌ನಲ್ಲಿ ಅದನ್ನು ಓದಿ ಹೇಳುವುದು ಸಾಧ್ಯವಾ? ಈಗ ಐದು ಅಂಕಿ ಅಷ್ಟೇ. ರೈಟರ್ ಓದುತ್ತಾರೆ, ನಾನು ಲಾಗ್‌ನಲ್ಲಿ ಹುಡುಕುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮಳೆ ಲೆಕ್ಕ ನನ್ನ ಜಂಬ ಇಳಿಸಿತು. ನಮ್ಮಲ್ಲಿ ತೋಟದ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ. ಇಂಚು, ಸೆಂಟ್ಸ್. ನೂರು ಸೆಂಟ್ಸ್‌ಗೆ ಒಂದು ಇಂಚು. 1 ಇಂಚು 20 ಸೆಂಟ್ಸ್ ಬಂದ ದಿನ ರೈಟರ್ 120 ಎಂದು ಬರೆದರು. ಆ್ಯಪ್ "ಅಮಾನ್ಯ ಮೌಲ್ಯ" ಅಂತು. ಅದು ಯಾವ ಊರಿನ ಕನ್ನಡವೋ. ಮಾತು ಬದಲಿಸಿದೆ: "ಒಂದೇ ದಿನಕ್ಕೆ 120 ಇಂಚು ಮಳೆಯಾ? 1 ಇಂಚು 20 ಸೆಂಟ್ಸ್ ಆಗಿದ್ದರೆ 1.20 ಎಂದು ಬರೆಯಿರಿ". ಫಾರಂನಲ್ಲಿ ಬರೆದದ್ದೂ ಹಾಗೇ ಉಳಿಯಿತು. ಅವರು ನಕ್ಕರು, ತಿದ್ದಿದರು.

ಮರುವಾರ 1 ಇಂಚು 5 ಸೆಂಟ್ಸ್ ಬಂತು. ಅವರು 1.5 ಎಂದು ಹಾಕಿದರು. ಆಗಬೇಕಿದ್ದದ್ದು 1.05, ಅಂದರೆ 26.67 ಮಿಲಿಮೀಟರ್. ದಾಖಲಾದದ್ದು 38.1. ಯಾವ ಎರರೂ ಬರಲಿಲ್ಲ, ಬರಲು ಸಾಧ್ಯವೂ ಇಲ್ಲ. 1.5 ಒಳ್ಳೆಯ ಸಂಖ್ಯೆಯೇ. ಚಿಕ್ಕಪ್ಪ ಪಕ್ಕದ ತೋಟದ ಲೆಕ್ಕದ ಜೊತೆ ಹೋಲಿಸಿ ಕೇಳಿದಾಗಲೇ ಗೊತ್ತಾಗಿದ್ದು. ಕೊನೆಗೆ ಒಂದು ಪೆಟ್ಟಿಗೆ ತೆಗೆದು ಎರಡು ಇಟ್ಟೆ. ಒಂದರಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟ್ಸ್. ಅಷ್ಟು ಚೆಂದ ಮಾಡಿ ಬರೆದಿದ್ದ ಎರರ್ ಮಾತು ಈಗ ಯಾರಿಗೂ ಕಾಣುವುದಿಲ್ಲ.

ಹಾಗಾಗಿ ಈಗ ಇರುವುದು ಮೂರು ಮತ್ತು ನಾಲ್ಕರ ಕೂಡಿಕೆ. ಚಾರ್ಟ್ ಸುತ್ತ ಎರಡನೆಯದು. ಟೋಸ್ಟ್ "ಲಾಗಿನ್ ಆಯಿತು" ಎಂದು ಹೇಳಲು ಉಳಿದಿದೆ.

ಒಂದು ಅಳುಕು ಮಾತ್ರ ಹೋಗಿಲ್ಲ. "ಫೋನಿನಲ್ಲಿದೆ" ಎಂಬ ಸಾಲುಗಳು ಇರುವಾಗಲೇ ಫೋನು ನೀರಿಗೆ ಬಿದ್ದರೆ? ಅದಕ್ಕೆ ಪುಟದ ಮೇಲುಗಡೆ ದಪ್ಪ ಅಕ್ಷರದಲ್ಲಿ ಲೆಕ್ಕ ತೋರಿಸುತ್ತೇನೆ: "ಇನ್ನೂ 7 ಸಾಲು ಫೋನಿನಲ್ಲಿವೆ". ತೂಕ ಮುಗಿದ ಮೇಲೆ ರೈಟರ್ ತಕ್ಕಡಿ ಒಳಗಿಟ್ಟು ಗೇಟಿನ ಹತ್ತಿರದ ದಿಬ್ಬಕ್ಕೆ ಹೋಗುತ್ತಾರೆ. ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಆ 7 ಸೊನ್ನೆ ಆಗುವ ತನಕ ಅಲ್ಲೇ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಹಳೆಯ ಪುಸ್ತಕ ಇನ್ನೂ ಅವರ ಕಂಕುಳಲ್ಲೇ ಇದೆ. ಬಿಡಿ ಎಂದು ನಾನೂ ಹೇಳಿಲ್ಲ.