ಕ್ಯಾಮೆರಾ ನಮ್ಮದು, ಪಾಸ್‌ವರ್ಡ್ ಅಂಗಡಿಯವನದು

ಮನೆಗೆ ಸಿಸಿಟಿವಿ ಹಾಕಿಸಬೇಕು ಅಂತ ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಅಪ್ಪ-ಅಮ್ಮ ಊರಲ್ಲಿದ್ದು, ನೀವು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರಾದರೆ ಪೂರ್ತಿ ಓದಿ. ಎಷ್ಟು ಮೆಗಾಪಿಕ್ಸೆಲ್, ಯಾವ ಬ್ರ್ಯಾಂಡ್ ಅಂತ ಎಲ್ಲರೂ ವಿಚಾರಿಸುತ್ತಾರೆ. ಎಲ್ಲ ಸೆಟ್ಟಿಂಗ್ ಬದಲಿಸುವ ಅಧಿಕಾರ ಕೊಡುವ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಕೊಯ್ಲು ಮುಗಿದ ಮೇಲೆ ಒಣಗಿದ ಅಡಿಕೆ ಚೀಲಗಳು ಮಂಡಿಗೆ ಹೋಗುವ ತನಕ ಮನೆಯಲ್ಲೇ ಇರುತ್ತವೆ. ಅಲ್ಲಿ ಅಡಿಕೆ ಕದ್ದರು, ಇಲ್ಲಿ ಕದ್ದರು ಎಂಬ ಸುದ್ದಿ ಪ್ರತಿ ವರ್ಷ ಕೇಳುತ್ತೇವೆ. ಹಾಗಾಗಿ ಅಪ್ಪ ಪೇಟೆಯ ಒಂದು ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾದ ಸೆಟ್ ಹಾಕಿಸಿದರು. ಅಂಗಳಕ್ಕೆ ಎರಡು, ಹಿತ್ತಲಿಗೆ ಒಂದು, ನಡುಮನೆಗೆ ಒಂದು. ನಡುಮನೆಯದು ನಾವು ಕೇಳಿದ್ದಲ್ಲ. ಸೆಟ್‌ನಲ್ಲಿ ಬರುತ್ತದೆ, ವಯಸ್ಸಾದವರಿದ್ದಾರೆ, ಬಿದ್ದರೆ ಗೊತ್ತಾಗುತ್ತದೆ ಎಂದು ಅಂಗಡಿಯವರೇ ಹಾಕಿಕೊಟ್ಟರು. ಅಪ್ಪನ ಮೊಬೈಲಿಗೆ, ನನ್ನ ಮೊಬೈಲಿಗೆ ಆ್ಯಪ್ ಹಾಕಿದರು. ಲೈವ್ ಚೆನ್ನಾಗಿ ಬರುತ್ತಿತ್ತು. ಆಫೀಸಿನಲ್ಲಿ ಕೂತು ಅಮ್ಮ ಹೂ ಕೊಯ್ಯುವುದನ್ನು ನೋಡುತ್ತಿದ್ದೆ.

ಒಂದು ರಾತ್ರಿ ಅಡಿಕೆ ಚೀಲಗಳು ಹೋದವು. ಬೆಳಿಗ್ಗೆ ಪೊಲೀಸರು ಬಂದು ಮೊದಲು ಕೇಳಿದ್ದೇ ಫುಟೇಜ್. ಕ್ಯಾಮೆರಾದ ಚಿತ್ರಗಳನ್ನು ರೆಕಾರ್ಡ್ ಮಾಡಿಡುವ ಪೆಟ್ಟಿಗೆಗೆ ಡಿವಿಆರ್ ಅನ್ನುತ್ತಾರೆ, ಅದನ್ನು ತೆರೆದು ಪ್ಲೇಬ್ಯಾಕ್ ಒತ್ತಿದರೆ ಆ ರಾತ್ರಿಯದು ಏನೂ ಇಲ್ಲ. ಹಿಂದಿನ ವಾರದ್ದೂ ಇಲ್ಲ. ಹಾರ್ಡ್ ಡಿಸ್ಕ್ ಸತ್ತು ತಿಂಗಳುಗಳೇ ಆಗಿದ್ದವು.

ಲೈವ್ ಬರುತ್ತಿದ್ದರೆ ರೆಕಾರ್ಡಿಂಗ್ ಕೂಡ ಆಗುತ್ತಿದೆ ಎಂದು ಎಲ್ಲರೂ ನಂಬುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಹಾರ್ಡ್ ಡಿಸ್ಕ್ ಕಿತ್ತು ಬಿಸಾಕಿದರೂ ಲೈವ್ ಬರುತ್ತಲೇ ಇರುತ್ತದೆ. ಡಿಸ್ಕ್ ಕೆಟ್ಟರೆ ಡಿವಿಆರ್ ಕೀಂ ಕೀಂ ಎಂದು ಬಡಿದುಕೊಳ್ಳಬೇಕು, ಆ ಸೆಟ್ಟಿಂಗ್ ಹೆಚ್ಚಿನ ಡಿವಿಆರ್‌ಗಳಲ್ಲಿ ಇದೆ. ನಮ್ಮದರಲ್ಲಿ ಅದನ್ನು ಆಫ್ ಮಾಡಿ ಇಟ್ಟಿದ್ದರು. ಪೆಟ್ಟಿಗೆ ಬಿಚ್ಚಿ ನೋಡಿದಾಗ ಕಾರಣ ಅರ್ಥವಾಯಿತು. ಒಳಗಿದ್ದದ್ದು ಹಳೆಯ ಕಂಪ್ಯೂಟರಿನಿಂದ ತೆಗೆದ 500 ಜಿಬಿ ಡಿಸ್ಕ್. ತಯಾರಾದ ವರ್ಷ ಅದರ ಲೇಬಲ್ ಮೇಲೇ ಇತ್ತು. ಅಪ್ಪನಿಂದ ಹೊಸದರ ದುಡ್ಡು ತೆಗೆದುಕೊಂಡಿದ್ದರು.

ಹಗಲೂ ರಾತ್ರಿ ಬರೆಯುವ ಕೆಲಸಕ್ಕೆಂದೇ ಬೇರೆ ಡಿಸ್ಕ್ ಬರುತ್ತವೆ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಅಂಥವು. ಡಿಸ್ಕ್ ಅನ್ನು ನಿಮ್ಮ ಕಣ್ಣೆದುರೇ ಸೀಲ್ ಒಡೆದು ಹಾಕಿಸಿ. ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಎಂಬ ಲೆಕ್ಕವೂ ಸುಲಭವೇ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ. ನಾಲ್ಕಕ್ಕೆ 86 ಜಿಬಿ. ಅಂದರೆ 500 ಜಿಬಿ ಡಿಸ್ಕಿನಲ್ಲಿ ಒಂದು ವಾರವೂ ಉಳಿಯುವುದಿಲ್ಲ, 1 ಟಿಬಿಯಲ್ಲಿ ಹನ್ನೊಂದು ದಿನ. ನಮಗೆ 'ಒಂದು ತಿಂಗಳು ಬರುತ್ತೆ' ಎಂದು ಹೇಳಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಇದು ದುಡ್ಡಿನ ಮೋಸ ಅಂತ ಸುಮ್ಮನಾಗುತ್ತಿದ್ದೆವೇನೋ. ಹೊಸ ಡಿಸ್ಕ್ ಹಾಕಿ ಫಾರ್ಮ್ಯಾಟ್ ಮಾಡಲು ಹೋದರೆ ಡಿವಿಆರ್ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅಪ್ಪನಿಗೆ ಕೊಟ್ಟದ್ದು ಬರೀ ನೋಡುವ ಯೂಸರ್ ಮಾತ್ರ. ಅಂಗಡಿಗೆ ಫೋನ್ ಮಾಡಿದರೆ 'ಹುಡುಗನನ್ನು ಕಳಿಸುತ್ತೇವೆ' ಎನ್ನುವರು, ಯಾರೂ ಬರಲಿಲ್ಲ. ಫಿಟ್ಟಿಂಗ್ ಮಾಡಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಕಂಪನಿಯ ಸರ್ವಿಸ್ ಸೆಂಟರಿಗೆ ಕೇಳಿದರೆ ಸೀರಿಯಲ್ ನಂಬರ್ ಇರುವ ಬಿಲ್ ಬೇಕು ಎಂದರು. ಅವರು ಕೇಳಿದ್ದು ಸರಿಯೇ, ಇಲ್ಲದಿದ್ದರೆ ಯಾರು ಬೇಕಾದರೂ ಯಾರ ಡಿವಿಆರ್ ಬೇಕಾದರೂ ತೆರೆಸಬಹುದು. ಆದರೆ ಅಂಗಡಿಯವರು ಅಪ್ಪನಿಗೆ ಕೊಟ್ಟದ್ದು 'ನಾಲ್ಕು ಕ್ಯಾಮೆರಾ ಸೆಟ್, ಫಿಟ್ಟಿಂಗ್ ಸೇರಿ' ಎಂದು ಬರೆದ ಕೈಬರಹದ ಚೀಟಿ.

ಆ ಪರದಾಟದಲ್ಲೇ ನಾನು ಆ್ಯಪ್‌ನ ಸೆಟ್ಟಿಂಗ್ ತೆರೆದು ನೋಡಿದ್ದು. ನಮ್ಮ ಮನೆಯ ಡಿವಿಆರ್ ನಮ್ಮ ಖಾತೆಯಲ್ಲಿ ಇರಲೇ ಇಲ್ಲ. ಇನ್ನಾರದೋ ಖಾತೆಗೆ ಸೇರಿತ್ತು. ಅಲ್ಲಿಂದ ನಮಗೆ 'ಶೇರ್' ಮಾಡಿದ್ದರು ಅಷ್ಟೇ. ಫಿಟ್ಟಿಂಗ್ ದಿನ ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಅನ್ನು ಆ ಹುಡುಗ ತನ್ನ ಫೋನಿನಿಂದ ಸ್ಕ್ಯಾನ್ ಮಾಡಿದ್ದ. ಮೊದಲು ಸ್ಕ್ಯಾನ್ ಮಾಡಿದ ಖಾತೆಯೇ ಮಾಲೀಕ. ನಮ್ಮ ಶೇರ್ ಅನ್ನು ಅವನು ಯಾವಾಗ ಬೇಕಾದರೂ ಕಿತ್ತು ಹಾಕಬಹುದಿತ್ತು. ಅವನ ಖಾತೆಯನ್ನು ನಾವು ಕೀಳಲು ಆಗುತ್ತಿರಲಿಲ್ಲ. ಮನೆ ಕಟ್ಟಿದ ಗಾರೆಯವನ ಹತ್ತಿರವೇ ಬೀಗದ ಕೈ ಬಿಟ್ಟು ಬದುಕಿದ ಹಾಗೆ ಆಗಿತ್ತು ನಮ್ಮ ಕಥೆ.

ನಡುಮನೆಯ ಕ್ಯಾಮೆರಾ ನೆನಪಾಗಿ ನನಗೆ ಮೈ ನಡುಗಿತು. ಅಮ್ಮ ಅಲ್ಲೇ ತಲೆ ಬಾಚಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಅಲ್ಲೇ ಮಲಗುತ್ತಾಳೆ. ಅಕ್ಕ ಬಾಣಂತನಕ್ಕೆ ಬಂದಾಗ ಮಗುವನ್ನು ಇಟ್ಟುಕೊಂಡು ಕೂರುತ್ತಿದ್ದದ್ದು ಅಲ್ಲೇ. ಆ ಕ್ಯಾಮೆರಾಕ್ಕೆ ಮೈಕ್ ಕೂಡ ಇತ್ತು. ಅಡಿಕೆ ಯಾವಾಗ ಮಂಡಿಗೆ ಹೋಗುತ್ತದೆ, ಯಾರು ಯಾವತ್ತು ಊರಲ್ಲಿ ಇರುವುದಿಲ್ಲ, ಎಲ್ಲ ಮಾತೂ ಅಲ್ಲೇ ನಡೆಯುತ್ತಿತ್ತು. ಅವನು ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ, ಸುಮ್ನೆ ಆರೋಪ ಹೊರಿಸುವುದಿಲ್ಲ. ನೋಡಲು ಸಾಧ್ಯವಿತ್ತು ಎಂಬುದೇ ಸಾಕು. ಅಮ್ಮನಿಗೆ ವಿಷಯ ತಿಳಿದ ದಿನ ಅವಳು ಒಂದು ಮಾತೂ ಆಡಲಿಲ್ಲ, ಸ್ಟೂಲ್ ಹತ್ತಿ ಆ ಕ್ಯಾಮೆರಾಕ್ಕೆ ಬಟ್ಟೆ ಕಟ್ಟಿದಳು.

ಇದು ನಮ್ಮೊಬ್ಬರ ಮನೆಯ ಗೋಳಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿಯಿಂದ ಮಹಿಳೆಯರನ್ನು ಪರೀಕ್ಷಿಸುವ ವಿಡಿಯೋಗಳು ಹೊರಬಿದ್ದು, ಟೆಲಿಗ್ರಾಂನಲ್ಲಿ ದುಡ್ಡಿಗೆ ಮಾರಾಟವಾದವು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ಜಗತ್ತಿನಾದ್ಯಂತ ಲಕ್ಷಾಂತರ ಉಪಕರಣಗಳನ್ನು ಹಿಡಿದದ್ದೂ ಬರೀ ಫ್ಯಾಕ್ಟರಿ ಪಾಸ್‌ವರ್ಡ್ ಬಳಸಿ. ಅವುಗಳಲ್ಲಿ ಕ್ಯಾಮೆರಾ, ಡಿವಿಆರ್‌ಗಳೇ ಜಾಸ್ತಿ. ಪಾಸ್‌ವರ್ಡ್ ನಮ್ಮದೇ ಇದ್ದರೂ ಕ್ಲೌಡ್ ಅನ್ನು, ಅಂದರೆ ಚಿತ್ರಗಳು ಹಾದುಹೋಗುವ ಕಂಪನಿಯ ಸರ್ವರನ್ನು, ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದ ವೈಜ್ ಎಂಬ ಕ್ಯಾಮೆರಾ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದ್ದವು. ಅದಕ್ಕೇ ಹೇಳುತ್ತೇನೆ, ಮಲಗುವ ಕಡೆ, ಬಟ್ಟೆ ಬದಲಿಸುವ ಕಡೆ ಯಾವ ಕಂಪನಿಯ ಕ್ಯಾಮೆರಾವೂ ಬೇಡ. ಹೊರಗಡೆಗೆ ಸಾಕು.

ನಮ್ಮ ದೇಶದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಖರೀದಿಸುವಾಗ ಮಾಡೆಲ್ ನಂಬರ್ ಹೇಳಿ ಆ ಪರೀಕ್ಷೆ ನಡೆಸುವ ಕೇಂದ್ರ ಸರ್ಕಾರದ ಸಂಸ್ಥೆ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಇದೆಯಾ ಎಂದು ಕೇಳಿ. ಹಳೆ ಸ್ಟಾಕ್ ದಾಟಿಸಲು ನೋಡಿದರೆ ಬೇಡ ಎನ್ನಿ. ಆದರೆ ಎಷ್ಟೇ ಪರೀಕ್ಷೆ ಪಾಸಾದ ಕ್ಯಾಮೆರಾ ಇದ್ದರೂ ಖಾತೆ ಬೇರೆಯವರದಾದರೆ ಏನು ಪ್ರಯೋಜನ, ಅಲ್ವಾ?

ಕ್ಯಾಮೆರಾ ಕೂರಿಸಿದ ಜಾಗವೂ ತಪ್ಪಿತ್ತು. ಡಿಸ್ಕ್ ಸರಿ ಇದ್ದಿದ್ದರೂ ಕಳ್ಳನ ಮುಖ ಸಿಗುತ್ತಿರಲಿಲ್ಲ ಎಂದು ಆಮೇಲೆ ಪರೀಕ್ಷೆ ಮಾಡಿದಾಗ ತಿಳಿಯಿತು. ಅಂಗಳದ್ದು ತುಂಬ ಅಗಲ ಕಾಣುವ 2.8 ಎಂಎಂ ಲೆನ್ಸ್, ಮಾಡಿನ ತುದಿಯಲ್ಲಿ ಎತ್ತರಕ್ಕೆ ಹಾಕಿದ್ದರು. ಇಡೀ ಅಂಗಳ ಕಾಣುತ್ತದೆ ಎಂದು ಅದನ್ನೇ ಹೊಗಳಿ ಮಾರುತ್ತಾರೆ. ಆದರೆ ಅಪರಿಚಿತ ಮುಖ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿಕೊಂಡ ಅಳತೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲವೇ 1920 ಪಿಕ್ಸೆಲ್, ಅಂದರೆ ಸುಮಾರು ಏಳೂವರೆ ಮೀಟರ್ ಅಗಲಕ್ಕೆ ಮಾತ್ರ ಸಾಲುತ್ತದೆ. ಅಷ್ಟು ಅಗಲ ನೋಡುವ ಲೆನ್ಸಿನಲ್ಲಿ ಮೂರು ಮೀಟರ್ ದಾಟಿದರೆ ಮುಖ ಮಸುಕು. ಎತ್ತರದಿಂದ ಕಾಣುವುದು ಟೋಪಿ, ಹೆಲ್ಮೆಟ್ಟು, ನೆತ್ತಿ. ಇಡೀ ಅಂಗಳ ನೋಡಲು ಒಂದು ಇರಲಿ, ಗೇಟಿನ ಹತ್ತಿರ ಮುಖದ ಮಟ್ಟಕ್ಕೆ ಸ್ವಲ್ಪ ಮೇಲೆ ಇನ್ನೊಂದು ಇರಲಿ.

ಕೇಬಲ್ ವಿಷಯದಲ್ಲೂ ಹುಷಾರು. ತಂತಿಯ ತುದಿ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಉದ್ದ ಜಾಸ್ತಿಯಾದಷ್ಟೂ ಅದರಲ್ಲಿ ವೋಲ್ಟೇಜ್ ತಾಮ್ರಕ್ಕಿಂತ ಹೆಚ್ಚು ಬೀಳುತ್ತದೆ. ಕತ್ತಲಾಗಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತಿದಾಗ ಕರೆಂಟ್ ಸಾಲದೆ ಕ್ಯಾಮೆರಾವೇ ಆಫ್ ಆಗುತ್ತದೆ. ಹಗಲೆಲ್ಲ ಸರಿ ಇದ್ದು ರಾತ್ರಿ ಮಾತ್ರ ಕೈಕೊಡುತ್ತಿದ್ದ ನಮ್ಮ ಹಿತ್ತಲ ಕ್ಯಾಮೆರಾದ ಕಾಯಿಲೆ ಇದೇ ಆಗಿತ್ತು. ಮಲೆನಾಡಿನವರು ಡಿವಿಆರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಕೇಬಲ್ ಜೋಡಿಸಿದ ಜಾಗಗಳನ್ನು ಪೆಟ್ಟಿಗೆಯೊಳಗೆ ಮುಚ್ಚಿಸಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಡಿವಿಆರ್ ಗಡಿಯಾರ ಸರಿ ಇದೆಯಾ ಆಗಾಗ ನೋಡಿ. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ತಪ್ಪು ತಾರೀಕಿನ ಫುಟೇಜ್ ಮೇಲೆ ಕೋರ್ಟಿನಲ್ಲಿ ಪ್ರಶ್ನೆ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪೆನ್‌ಡ್ರೈವ್‌ಗೆ ತೆಗೆದುಕೊಟ್ಟ ಫುಟೇಜ್ ಜೊತೆ ಪ್ರಮಾಣಪತ್ರವೂ ಬೇಕು. ಏನಾದರೂ ನಡೆದರೆ ಹಳೆಯದರ ಮೇಲೆ ಹೊಸದು ಬರೆದುಹೋಗುವ ಮುಂಚೆ ಕಾಪಿ ತೆಗೆಸಿ.

ಈಗ ನಮ್ಮ ಮನೆಯಲ್ಲಿ ಹೊಸ ಡಿವಿಆರ್ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ದು ಅಪ್ಪನ ಫೋನಿನಿಂದ, ಖಾತೆ ಅಪ್ಪನ ನಂಬರಿನದು. ಅಡ್ಮಿನ್ ಪಾಸ್‌ವರ್ಡ್ ಅನ್ನು ಫಿಟ್ಟಿಂಗ್‌ನವರು ಹೊರಟ ಮೇಲೆ ಬದಲಿಸಿ, ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಬಿಲ್‌ನಲ್ಲಿ ಡಿವಿಆರ್, ಡಿಸ್ಕ್, ಪ್ರತಿ ಕ್ಯಾಮೆರಾದ ಸೀರಿಯಲ್ ನಂಬರ್ ಇದೆ. ವಾರಕ್ಕೊಮ್ಮೆ ಹಿಂದಿನ ರಾತ್ರಿಯ ರೆಕಾರ್ಡಿಂಗ್ ಹಾಕಿ ನೋಡುತ್ತಾರೆ. ನಡುಮನೆಯಲ್ಲಿ ಕ್ಯಾಮೆರಾ ಇಲ್ಲ.

ನಮ್ಮ ಹಾಗೆ ಮೋಸ ಹೋದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅಪ್ಪ ಆ ಕೈಬರಹದ ಚೀಟಿ, ಹಳೆ ಡಿಸ್ಕಿನ ಲೇಬಲ್ ಫೋಟೋ, ಆ್ಯಪ್‌ನ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ದೂರು ಕೊಟ್ಟಿದ್ದಾರೆ. ವಿಚಾರಣೆ ಇನ್ನೂ ಮುಗಿದಿಲ್ಲ.