ಜೋಡಿಗಳ ಎಚ್‌ಐವಿ ಸ್ಟಡಿ: ಹಳೇ ರೆಕಾರ್ಡಾ, ಫಾಲೋಅಪ್ಪಾ?

ಗಂಡ-ಹೆಂಡ್ತಿ ಜೋಡಿಗಳ ಎಚ್‌ಐವಿ ಮ್ಯಾಲೆ ಕಲಬುರಗಿಯಾಗ ಥೀಸಿಸ್ ಮಾಡ್ಲಿಕ್ಕೆ ಹಳೇ ರೆಕಾರ್ಡ್ ನೋಡೋದು ಛಲೋನೋ, ಜೋಡಿಗಳನ್ನ ಮುಂದಕ್ಕ ಫಾಲೋ ಮಾಡೋದು ಛಲೋನೋ ಅಂತ ಕೇಳೀರಿ. ಖರ್ಚು, ಟೈಮ್ ನೋಡಿದ್ರ ಎಆರ್‌ಟಿ ಸೆಂಟರ್ (ಎಚ್‌ಐವಿಗೆ ಔಷಧ ಕೊಡೋ ಜಾಗ) ರೆಕಾರ್ಡೇ ಸಲೀಸು, ಆದ್ರ ಗಂಡ-ಹೆಂಡ್ತಿ ಇಬ್ರೂ ಪಾಸಿಟಿವ್ ಅಂತಿದ್ರ ಯಾರಿಂದ ಯಾರಿಗೆ ಬಂತು ಅಂತ ಅದ್ರಾಗ ಗೊತ್ತಾಗಂಗಿಲ್ಲ, ಮೊದ್ಲು ಟೆಸ್ಟ್ ಆದವ್ರ ಮ್ಯಾಲೇ ಅಪವಾದ ಬರ್ತದ (ಬಸುರಿದ್ದಾಗ ಟೆಸ್ಟ್ ಮಾಡ್ತಾರಲ್ಲ, ಪಾಪ ಹೆಂಡ್ತಿನೇ ಸಿಗ್ತಾಳ).

ಒಬ್ರು ನೆಗೆಟಿವ್ ಇರೋ ಜೋಡಿನ ಫಾಲೋ ಮಾಡಿ, ವೈರಸ್ ಜೀನ್ ಹೋಲಿಸಿದ್ರ ಗಟ್ಟಿ ಉತ್ತರ. 1,763 ಜೋಡಿಗಳನ್ನ ಹಿಂಗ ಫಾಲೋ ಮಾಡಿದ ಎಚ್‌ಪಿಟಿಎನ್ 052 ಅನ್ನೋ ಸ್ಟಡಿಯಾಗ ಕೆಲವು ಸೋಂಕು ಸಂಗಾತಿಯಿಂದ ಬಂದದ್ದಲ್ಲ ಅಂತ ಹಂಗೇ ತಿಳಿದದ್ದು. ವರ್ಷಗಟ್ಟಲೆ ಹಿಡೀತದ, ರೊಕ್ಕನೂ ಬೇಕು, ಟ್ರೀಟ್‌ಮೆಂಟ್ ಕೊಡದೆ ಸುಮ್ನೆ ನೋಡ್ಕೋತ ಕೂಡಂಗಿಲ್ಲ.

ಗುಟ್ಟು ಎರಡರಾಗೂ ಕಾಯ್ಬೇಕು, 2017ರ ಎಚ್‌ಐವಿ ಕಾಯ್ದೆ ಅದ. ಎಷ್ಟು ಸಂಗಾತಿಗಳ ಟೆಸ್ಟ್ ಆಗ್ಯದ ಅನ್ನೋದಷ್ಟೇ ಬೇಕಾದ್ರ ರೆಕಾರ್ಡ್ ಸಾಕ್ರಿ. ಹರಡೋದೇ ಪ್ರಶ್ನೆ ಆದ್ರ, ಫಂಡ್ ಇದ್ರ, ಫಾಲೋಅಪ್.