‘ಕೈಯಲ್ಲಿ ಬಿಡಿಸಿದ’ ಹಕ್ಕಿ ಚಿತ್ರ ತರಿಸುವವರು ಇದನ್ನೊಮ್ಮೆ ಓದಿ

ಇನ್ನೂರು ವರ್ಷ ಹಳೆಯ ಹಕ್ಕಿ ಚಿತ್ರಗಳನ್ನು ಕಲಾವಿದರಿಂದ ಕೈಯಲ್ಲೇ ಬಿಡಿಸಿ ಕಳುಹಿಸುತ್ತೇವೆ ಎನ್ನುವ ಜಾಹೀರಾತು ಈಗ ಮೊಬೈಲ್ ತೆರೆದರೆ ಸಾಕು, ಬಂದು ಕುಳಿತಿರುತ್ತದೆ. ಒಂದಕ್ಕೆ 14,000 ರೂಪಾಯಿಯಂತೆ ಕೊಟ್ಟು ನಾವು ಮೂರು ತರಿಸಿದೆವು. ಮೂರೂ ಯಂತ್ರದಲ್ಲಿ ಮುದ್ರಿಸಿದವು. ಕೈಕೆಲಸ ನಡೆದದ್ದು ಮೇಲೆ ಬಳಿದ ಪಾರದರ್ಶಕ ಅಂಟಿನಲ್ಲಿ ಮಾತ್ರ.

ಮಂಗಳೂರಿನ ಕದ್ರಿಯಲ್ಲಿ ಮನೆ ನವೀಕರಿಸಿದಾಗ ಮೆಟ್ಟಿಲ ಪಕ್ಕದ ಗೋಡೆ ಖಾಲಿ ಉಳಿದಿತ್ತು. ಅಮೆರಿಕದ ಹಕ್ಕಿ ಚಿತ್ರಕಾರ ಆಡುಬಾನನ ಫ್ಲೆಮಿಂಗೋ, ಅಂದರೆ ಹಾಳೆಯೊಳಗೆ ಹಿಡಿಸಲೆಂದು ಕತ್ತು ಬಗ್ಗಿಸಿ ನಿಂತ ಆ ಪ್ರಸಿದ್ಧ ಚಿತ್ರ, ಒಂದು. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೂಲ್ಡ್‌ನ ಪುಸ್ತಕಗಳಿಂದ ಹಿಮಾಲಯದ ಮೋನಾಲ್ ಮತ್ತು ಮಲಬಾರ್ ಟ್ರೋಗನ್. ಟ್ರೋಗನ್ ನಮ್ಮ ಘಟ್ಟದ ಕಾಡಿನದೇ ಹಕ್ಕಿ. ಗಂಡಿನ ಕಪ್ಪು ತಲೆ, ಎದೆಯ ಬಿಳಿ ಪಟ್ಟಿ, ಕೆಳಗೆ ಉರಿಗೆಂಪು ಹೊಟ್ಟೆ. ಅದೊಂದರ ಆಸೆಗೇ ಉಳಿದೆರಡೂ ಬಂದವು ಎನ್ನಿ.

ಬಿಡಿಸಲು ಆರು ವಾರ ಬೇಕು ಎಂದವರು ಹದಿನೈದು ದಿನದೊಳಗೆ ಫ್ರೇಮ್ ಹಾಕಿಸಿ ಕಳುಹಿಸಿಬಿಟ್ಟರು. ಜೊತೆಗೆ ಚಿನ್ನದ ಬಣ್ಣದ ಮೊಹರಿನ ಪ್ರಮಾಣಪತ್ರ, ಅದರಲ್ಲಿ ‘27/200’ ಎಂಬ ಸಂಖ್ಯೆ. ಇನ್ನೂರು ಪ್ರತಿಗಳಲ್ಲಿ ಇದು ಇಪ್ಪತ್ತೇಳನೆಯದು ಎಂದು ಎಣಿಕೆ ಹಾಕುವುದು ಮುದ್ರಣದ ಪದ್ಧತಿ. ಕುಂಚ ಹಿಡಿದವನಿಗೆ ಅದರಿಂದ ಏನಾಗಬೇಕು?

ಬಣ್ಣ ಬಯಲಾದದ್ದು ಮಳೆಗಾಲದಲ್ಲಿ. ಆಟಿ ತಿಂಗಳಲ್ಲಿ ಟ್ರೋಗನ್‌ನ ಗಾಜಿನ ಒಳಗೆ ಬೆಳ್ಳಗೆ ಮಬ್ಬು ಕಟ್ಟಿತು. ಫ್ರೇಮಿನ ಮೂಲೆಗಳು ಉಬ್ಬಿದವು, ಏಕೆಂದರೆ ಅದು ಮರವಲ್ಲ, ಮರದ ಹುಡಿ ಒತ್ತಿ ಮಾಡಿದ ಹಲಗೆ. ಹಂಪನಕಟ್ಟೆಯ ಸಮೀಪ ಹಿಂದಿನಿಂದಲೂ ಫ್ರೇಮ್ ಕಟ್ಟುವ ಹಿರಿಯರೊಬ್ಬರ ಬಳಿ ಒಯ್ದೆ. ಚಿತ್ರಕ್ಕೂ ಗಾಜಿಗೂ ನಡುವೆ ಜಾಗವನ್ನೇ ಬಿಟ್ಟಿಲ್ಲವೆಂದು ಅವರು ಮೊದಲು ಅದಕ್ಕೇ ಬೈದರು. ತೆಳ್ಳಗಿನ ಚೂರಿ ಹಾಕಿ ಗಾಜು ಎಬ್ಬಿಸುವಾಗ ಕೆಂಪು ಹೊಟ್ಟೆಯ ಬೆರಳಗಲದ ಚೂರು ಗಾಜಿಗೇ ಅಂಟಿ ಬಂತು. ಕೆಳಗೆ ಬಣ್ಣವಿರಲಿಲ್ಲ, ಬಿಳಿ ಲೇಪ ಮಾತ್ರ. ಅವರು ಕೊಟ್ಟ ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು ಎಂದು ಕಂಡದ್ದೆಲ್ಲ ಗುಲಾಬಿ ಮತ್ತು ಹಳದಿ ಚುಕ್ಕೆಗಳ ರಾಶಿ. ಗರಿಗಳು ಕೆಳಮುಖವಾಗಿದ್ದರೆ ಮೇಲಿನ ಅಂಟಿನ ಗೀರುಗಳು ತಲೆ, ಕೊಂಬೆ, ಖಾಲಿ ಜಾಗ ಎಂದು ನೋಡದೆ ಅಡ್ಡಡ್ಡಕ್ಕೆ ಹರಿದಿದ್ದವು. “ಕುಂಚ ಆಡಿದ್ದು ಅಂಟಿನಲ್ಲಿ ಮೇಡಂ, ಬಣ್ಣದಲ್ಲಿ ಅಲ್ಲ” ಎಂದರು. ತೇವಕ್ಕೆ ಇಂಥ ಅಂಟು ಮಂಕಾಗುತ್ತದೆ, ಜಿಗುಟಾಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಿಗೆ ಅದನ್ನು ಗಾಜಿಗೆ ಒತ್ತಿ ಕಳುಹಿಸಿದ್ದರು.

ಇನ್ನೂ ಒಂದು ಗುರುತು ಮೋನಾಲ್ ಚಿತ್ರದಲ್ಲಿತ್ತು. ಬಲಮೂಲೆಯಲ್ಲಿ ಗ್ರಂಥಾಲಯದ ಮೊಹರಿನ ಅರ್ಧ ಭಾಗ, ಪಕ್ಕದಲ್ಲಿ ಹಳೆಯ ಕಾಗದದ ಕಂದು ಕಲೆಗಳು. ಈ ಪುಸ್ತಕಗಳ ಸ್ಪಷ್ಟ ಸ್ಕ್ಯಾನ್‌ಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹುಡುಕಿ ಪಕ್ಕಪಕ್ಕ ಇಟ್ಟು ನೋಡಿದೆ: ಅದೇ ಕಲೆಗಳು, ಅದೇ ಜಾಗದಲ್ಲಿ. ಹಕ್ಕುಸ್ವಾಮ್ಯ ಎಂದೋ ಮುಗಿದ ಚಿತ್ರಗಳು ಇವು, ಮುದ್ರಿಸಿ ಮಾರುವುದು ತಪ್ಪಲ್ಲ. ಕೈಯಲ್ಲಿ ಬಿಡಿಸಿದ್ದೆಂದು ಹೇಳಿ ಮಾರುವುದು ಮೋಸ.

ಫೋನಿನಲ್ಲಿ ಮಾರಾಟಗಾರ ಕೊಟ್ಟ ಉತ್ತರ ಕೇಳಿ: “ಮೂಲ ಚಿತ್ರಗಳೂ ಪ್ರಿಂಟೇ ಅಲ್ಲವೇ ಮೇಡಂ?” ಅರ್ಧ ಸತ್ಯ ಹೇಳುವವನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ. ಹೌದು, ಆಡುಬಾನನ 435 ಚಿತ್ರಗಳ ಮಹಾಗ್ರಂಥ 1827ರಿಂದ 1838ರವರೆಗೆ ಹೊರಬಂದಾಗ ಅವು ತಾಮ್ರದ ತಗಡಿನಿಂದ ಅಚ್ಚಾದವು. ಹೆಚ್ಚಿನವುಗಳ ತಗಡು ಕೊರೆದವನು ಲಂಡನ್ನಿನ ರಾಬರ್ಟ್ ಹ್ಯಾವೆಲ್. ಗೂಲ್ಡ್‌ನ ಹಿಮಾಲಯದ ಹಕ್ಕಿಗಳನ್ನು ಅಚ್ಚುಕಲ್ಲಿನ ಮೇಲೆ ಬರೆದವಳು ಅವನ ಹೆಂಡತಿ ಎಲಿಜಬೆತ್. ಆದರೆ ಅಚ್ಚಾಗುತ್ತಿದ್ದದ್ದು ಗೆರೆ ಮತ್ತು ನೆರಳು. ಬಣ್ಣವನ್ನು ಒಂದೊಂದು ಹಾಳೆಗೂ ಕೆಲಸಗಾರರು ಜಲವರ್ಣದಲ್ಲಿ ಕೈಯಾರೆ ತುಂಬುತ್ತಿದ್ದರು. ಗೆರೆ ಮುದ್ರಿಸಿ ಬಣ್ಣ ಕೈಯಲ್ಲಿ ತುಂಬಿದ್ದೇವೆ ಎಂದು ಈತ ಹೇಳಿ, ಹಾಗೆಯೇ ಮಾಡಿದ್ದರೆ ನಾನು ಸಂತೋಷದಿಂದ ದುಡ್ಡು ಕೊಡುತ್ತಿದ್ದೆ. ಬರೀ ಮುದ್ರಣವೇ ಸಾಕೆನ್ನುವವರಿಗೆ ಈ ಗಾತ್ರದ ಒಳ್ಳೆಯ ಪ್ರತಿ ಇದರ ಕಾಲುಭಾಗದ ಬೆಲೆಗೆ ಸಿಗುತ್ತದೆ ಎಂದರು ಫ್ರೇಮಿನವರು.

ಮುಂಗಡ ಕೊಡುವ ಮೊದಲು ನಿಮ್ಮದೇ ಚಿತ್ರ ಅರ್ಧ ಆಗಿರುವಾಗಿನ ವೀಡಿಯೊ ಕಳುಹಿಸುವ ಕರಾರು ಬರವಣಿಗೆಯಲ್ಲಿ ಮಾಡಿಕೊಳ್ಳಿ. ಕಾಗದವೋ ಕ್ಯಾನ್ವಾಸೋ, ಜಲವರ್ಣವೋ ಅಕ್ರಿಲಿಕ್ಕೋ ಎಂಬುದು ಬಿಲ್ಲಿನಲ್ಲೇ ಇರಲಿ. ನಮ್ಮ ಬಿಲ್ಲಿನಲ್ಲಿ ‘ಅಲಂಕಾರಿಕ ಮುದ್ರಣ’ ಎಂದಿತ್ತು, ಅದೂ ಕಡಲೆಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಫ್ರೇಮ್ ಹಾಕದೆ ತರಿಸಿ, ಊರಲ್ಲೇ ಹಾಕಿಸಿ. ಪಾರ್ಸೆಲ್ ಬಂದ ದಿನವೇ ಹತ್ತು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ನೋಡಿ. ರಥಬೀದಿಯ ಚಿನ್ನದ ಕೆಲಸದವರ ಬಳಿ ಕೇಳಿದರೂ ಕೊಡುತ್ತಾರೆ. ಕೈಬಣ್ಣಕ್ಕೆ ಅಂಚಿರುತ್ತದೆ, ಬಣ್ಣ ನಿಂತು ದಟ್ಟವಾದ ಜಾಗವಿರುತ್ತದೆ. ಎಲ್ಲೆಲ್ಲೂ ಒಂದೇ ಸಮನೆ ಚುಕ್ಕೆ ಕಂಡರೆ ಅದು ಯಂತ್ರದ ಕೆಲಸ.

ಮೋಸ ಹೋದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಬಹುದು. ನಾನು ಮಾಡಿದ ಮೇಲೆ ಮಾರಾಟಗಾರನ ಕಡೆಯಿಂದ ಅರ್ಧ ಹಣ ಕೊಡುವ ಮಾತು ಬಂತು, ಒಪ್ಪಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಯಾವ ಊರಿನಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ದೂರು ಹಾಕಿದ್ದೇನೆ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದು ಒಳ್ಳೆಯದಾಯಿತು, ಆತ ಈಗ ಅದನ್ನು ತಿದ್ದಿ ‘ಕಲಾವಿದರ ಸ್ಪರ್ಶವಿರುವ ಚಿತ್ರಗಳು’ ಎಂದು ಹಾಕಿಕೊಂಡಿದ್ದಾನೆ. ಬೆಲೆ ಮಾತ್ರ ಅಷ್ಟೇ ಇದೆ.